ಪಂಡಿತಾ ರಮಾಬಾಯಿಯವರ ವಿಶ್ವಾಸದ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಯ ಊರುಗಳಿಂದ ಬಂದು ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ಯಾರೂ ಇರಲಾರರು. ವಿಧವೆಯರಿಗೆ ಆಶ್ರಯವಿತ್ತವರು, ಬರಗಾಲದಲ್ಲಿ ದಿಕ್ಕಿಲ್ಲದ ಬಾಲಿಕೆಯರನ್ನು ಕಾಪಾಡಿದವರು, ಸಂಸ್ಕೃತ ವಿದ್ಯೆಯಿಂದ ಪಂಡಿತರನ್ನೇ ಬೆರಗುಗೊಳಿಸಿದವರು ಎಂದು ಅವರ ವಿಷಯವಾಗಿ ನಾವೆಲ್ಲರೂ ಓದಿರುತ್ತೇವೆ. 1989ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಯ ಚೀಟಿಯನ್ನು ಹೊರಡಿಸಿ ಅವರನ್ನು ಗೌರವಿಸಿತು. ಆದರೆ ಅವರ ಜೀವಿತದಲ್ಲಿ ಇನ್ನೊಂದು ಭಾಗವುಂಟು. ಅದನ್ನು ಪಾಠದ ಪುಸ್ತಕಗಳು ಹೇಳುವದಿಲ್ಲ, ಹೇಳುವದು ಅವುಗಳ ಕೆಲಸವೂ ಅಲ್ಲ. ದೀಕ್ಷಾಸ್ನಾನ ಹೊಂದಿ, ಸಭೆಯವರಿಂದ ಕ್ರೈಸ್ತಳೆಂದು ಎಣಿಸಲ್ಪಟ್ಟು, ಎರಡು ಖಂಡಗಳಲ್ಲಿ ಹೆಸರು ಪಡೆದು, ಸುಮಾರು ಎಂಟು ವರುಷಗಳು ಕಳೆದ ಮೇಲೆ, ತಮಗೆ ಕ್ರಿಸ್ತಮತವು ದೊರೆತಿದೆಯೇ ಹೊರತು ಕ್ರಿಸ್ತನು ಇನ್ನೂ ದೊರೆತಿಲ್ಲವೆಂದು ಅವರು ಕಂಡುಕೊಂಡರು. ನಾನು ಬರೆಯಬೇಕೆಂದಿರುವದು ಮುಖ್ಯವಾಗಿ ಅದನ್ನೇ.

ಈ ವಿಷಯವು ನಮ್ಮ ಸೀಮೆಯ ಕ್ರೈಸ್ತ ಮನೆತನಗಳಿಗೆ ಬಹಳ ಹತ್ತಿರದ್ದು. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಎಂಬವರು ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಅಂದರೆ ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನವರ ದಂಡು ಥ್ಯಾಕರೆಯ ದಂಡನ್ನು ಮುರಿದ 1824ಕ್ಕೆ ನಾಲ್ಕು ವರುಷ ಮೊದಲು. ಹೀಗೆ ಸುವಾರ್ತೆಯು ಈ ನಾಡಿಗೆ ಬಂದು ಎರಡು ನೂರು ವರುಷಗಳು ಮೀರಿದವು. ಮುತ್ತಜ್ಜನು ಊರನ್ನೂ ನಂಟರನ್ನೂ ಎದುರು ಹಾಕಿಕೊಂಡು ಪಡೆದ ವಿಶ್ವಾಸವು ಮರಿಮಗಳಿಗೆ ಹೊಲಮನೆಗಳು ಬಂದ ಹಾಗೆ ವಾರಸಾಗಿ ಬಂದಿದೆ. ವಾರಸಾಗಿ ಬಂದ ಹೊಲವನ್ನು ಹರಗದೆ ಬಿಟ್ಟರೆ ಅದರಲ್ಲಿ ಕರಿಕೆಯೇ ಬೆಳೆಯುವದೆಂದು ಬೈಲಹೊಂಗಲದ ಎರೆ ಭೂಮಿಯ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಬಾಯಿಂದ ಕರ್ತನ ಪ್ರಾರ್ಥನೆಯನ್ನು ಹೇಳುತ್ತ, ಕಿವಿಯನ್ನು ಮಾತ್ರ ಗಂಟೆಯ ಕಡೆಗೆ ಇಟ್ಟಿರುವ ಹುಡುಗಿಯರನ್ನು ನಾನು ಇಪ್ಪತ್ತು ವರುಷಗಳಿಂದ ನೋಡುತ್ತ ಬಂದಿದ್ದೇನೆ. ಅವರು ಕೆಟ್ಟ ಹುಡುಗಿಯರಲ್ಲ; ಸತ್ಯವೇದದ ಪರೀಕ್ಷೆಯಲ್ಲಿ ಅವರಿಗೇ ಹೆಚ್ಚು ಗುಣಗಳು ಬರುತ್ತವೆ. ಮುಂದೆ ಅವರೇ ತಾಯಂದಿರಾಗಿ ತಮ್ಮ ಮಕ್ಕಳನ್ನು ನಮ್ಮ ಶಾಲೆಗೆ ಕಳುಹಿಸುತ್ತಾರೆ. ಇನ್ನು ಲಿಂಗಾಯತ, ಜೈನ, ಮುಸಲ್ಮಾನ ಮೊದಲಾದ ಬೇರೆ ಬೇರೆ ಮನೆತನಗಳ ತಂದೆತಾಯಿಗಳೂ ಈ ಸಂಚಿಕೆಯನ್ನು ಓದುವರೆಂದು ಬಲ್ಲೆನು. ಅವರಿಗೆ ಸಲ್ಲುವ ಸಂಗತಿಯೂ ಈ ಚರಿತ್ರೆಯಲ್ಲಿ ಉಂಟು. ಅದು ಮುಂದೆ ತಕ್ಕ ಸ್ಥಳದಲ್ಲಿ ಬರುವದು.

ರಮಾಬಾಯಿಯವರು ಮಹಾರಾಷ್ಟ್ರದಲ್ಲಿ ಹೆಸರಾದರೂ ಹುಟ್ಟಿದ್ದು ಕನ್ನಡ ನಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಈ ಮೂರು ನದಿಗಳು ಹುಟ್ಟುವ ಗಂಗಾಮೂಲವೆಂಬ ಘಟ್ಟದ ಕಾಡಿನಲ್ಲಿ, 1858ನೆಯ ಎಪ್ರಿಲ್ 23ರಂದು ಅವರು ಜನಿಸಿದರು. ಸವದತ್ತಿ ರಾಮದುರ್ಗಗಳ ಕಡೆಗೆ ಹರಿದುಬರುವ ನಮ್ಮ ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟುವದೂ ಅದೇ ಸಹ್ಯಾದ್ರಿಯ ಸಾಲಿನಲ್ಲಿಯೇ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ಮೈಸೂರಿನ ಅರಮನೆಯ ಆಶ್ರಯದಲ್ಲಿಯೂ ಕೆಲವು ಕಾಲ ಇದ್ದವರು. ಪುಣೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಅವರ ಗುರುಗಳು ಪೇಶ್ವೆಯವರ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದದ್ದನ್ನು ಕಂಡು, ಹೆಂಗಸರಿಗೂ ಈ ವಿದ್ಯೆ ಸಲ್ಲಬಹುದೆಂಬ ವಿಚಾರವು ಆ ತರುಣನ ಮನಸ್ಸಿನಲ್ಲಿ ನಾಟಿತು. ಮೊದಲನೆಯ ಹೆಂಡತಿಗೆ ಓದಿನಲ್ಲಿ ಮನಸ್ಸು ಬರಲಿಲ್ಲ. ಆಕೆ ತೀರಿಕೊಂಡ ಅನಂತರ, ಯಾತ್ರೆಯಲ್ಲಿ ಗೋದಾವರಿಯ ತೀರದಲ್ಲಿ ಭೆಟ್ಟಿಯಾದ ಒಬ್ಬ ಬ್ರಾಹ್ಮಣನು ತನ್ನ ಒಂಬತ್ತು ವರುಷದ ಮಗಳು ಲಕ್ಷ್ಮಿಯನ್ನು ಅವರಿಗೆ ಧಾರೆಯೆರೆದು ಕೊಟ್ಟನು. ಆ ಕಾಲದ ಪದ್ಧತಿಯು ಹಾಗಿತ್ತು. ಶಾಸ್ತ್ರಿಗಳು ಈ ಹುಡುಗಿಗೆ ಸಂಸ್ಕೃತ ಕಲಿಸತೊಡಗಲು ಜನರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ತಾವು ಮಾಡಿದ್ದು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ಅವರು ಆಧಾರಗಳನ್ನು ತೋರಿಸಬೇಕಾಯಿತು. ಆ ಮೇಲೆ ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತ ಇದ್ದರು.

ಅತಿಥಿಗಳಿಗೂ ಶಿಷ್ಯರಿಗೂ ಉಣ್ಣಿಸಿ ಉಣ್ಣಿಸಿ ಶಾಸ್ತ್ರಿಗಳ ಆಸ್ತಿಯು ಕರಗಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವೆಲ್ಲ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಒಬ್ಬ ಆಳು ತಲೆಯ ಮೇಲೆ ಹೊತ್ತು ಘಟ್ಟವಿಳಿದನು. ಸವದತ್ತಿಯ ಗುಡ್ಡಕ್ಕೆ ಹುಣ್ಣಿವೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರನ್ನು ಕಂಡ ನಮ್ಮ ವಾಚಕರಿಗೆ ಯಾತ್ರೆಯೆಂದರೇನೆಂದು ಗೊತ್ತಿದೆ; ಆದರೆ ಆ ಯಾತ್ರಿಕರಿಗೆ ತಿರುಗಿ ಬರಲು ಒಂದು ಮನೆಯಿರುತ್ತದೆ. ಇವರಿಗೆ ಮನೆಯಿರಲಿಲ್ಲ. ದೇವಾಲಯದ ಅಂಗಳದಲ್ಲಾಗಲಿ ನದಿಯ ಘಟ್ಟದಲ್ಲಾಗಲಿ ಕುಳಿತು ಪುರಾಣವನ್ನು ಓದುವರು; ಕೇಳಿದವರು ಹೂವು, ಹಣ್ಣು, ಧಾನ್ಯ, ದುಡ್ಡು ಇಟ್ಟು ನಮಸ್ಕರಿಸಿ ಹೋಗುವರು; ಬಂದದ್ದರಲ್ಲಿ ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ದಾನಮಾಡುವರು. ತಂದೆಗೆ ವಯಸ್ಸಾಗಿ ಕಣ್ಣು ಮಂದವಾದದ್ದರಿಂದ ಮಗಳಿಗೆ ತಾಯಿಯೇ ಗುರುವಾದಳು. ನಸುಕಿನಲ್ಲಿ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ, ಭಾಗವತದ 18,000 ಶ್ಲೋಕಗಳನ್ನು ಕಲಿಸಿದಳು. ಹೆಣ್ಣುಮಕ್ಕಳಿಗೆ ಓದು ಏತಕ್ಕೆಂದು ಇಂದಿಗೂ ಅಲ್ಲಲ್ಲಿ ಕೇಳುವವರಿದ್ದಾರೆ. ಅವರ ಮುಂದೆ ನಾನು ಲಕ್ಷ್ಮೀಬಾಯಿಯ ಹೆಸರನ್ನು ಇಡುತ್ತೇನೆ.

1876ರಿಂದ 1878ರ ವರೆಗಿನ ಮಹಾಬರವು ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳನ್ನು ಹಾಳುಮಾಡಿತು. ಅದಕ್ಕೆ ಸ್ವಲ್ಪ ಮುಂಚೆಯೇ ಮದ್ರಾಸಿನ ಕಡೆಯಲ್ಲಿ ಅಲೆಯುತ್ತಿದ್ದ ಈ ಕುಟುಂಬಕ್ಕೆ ಕ್ಷಾಮದ ಬಿಸಿ ತಾಗಿತು. ಪುರಾಣ ಕೇಳುವವರ ಕೈಯಲ್ಲಿ ಕೊಡಲಿಕ್ಕೆ ಏನೂ ಉಳಿಯಲಿಲ್ಲ. ಮೈಮುರಿದು ದುಡಿಯುವದು ಇವರಿಗೆ ರೂಢಿಯಿರಲಿಲ್ಲ, ಬೇಡುವದಕ್ಕೆ ಬಾಯಿ ಬರಲಿಲ್ಲ. ಪಾತ್ರೆ ಪದಾರ್ಥಗಳೆಲ್ಲ ಮಾರಿಹೋದವು. ಕಾಡಿನ ಎಲೆಗಳನ್ನು ತಿಂದು ದಿನ ನೂಕಿದರು. 1874ರಲ್ಲಿ ತಂದೆಯು ತೀರಿಕೊಂಡನು. ಕಣ್ಣು ಕಾಣದ ಆ ಮುದುಕನು ಸಾಯುವ ಮೊದಲು ಕಿರಿಯ ಮಗಳನ್ನು ತಬ್ಬಿಕೊಂಡು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವೆನೆಂದೂ ಆತನನ್ನೇ ಸೇವಿಸಬೇಕೆಂದೂ ಹೇಳಿದನು. ಉಳಿದವರು ರಾಯಚೂರಿಗೆ ಬಂದು ಮುಟ್ಟುವಷ್ಟರಲ್ಲಿ ತಾಯಿಯು ಜ್ವರದಿಂದಲೂ ಹಸಿವೆಯಿಂದಲೂ ನೆಲಹಿಡಿದಿದ್ದಳು. ಆಕೆಯು ಸಜ್ಜೆಯ ರೊಟ್ಟಿಯ ಒಂದು ಚೂರನ್ನು ಬಯಸಿದಳು. ಮಗಳು ನೆರೆಯ ಮನೆಯ ಬಾಗಿಲಿಗೆ ಹೋಗಿ ನಿಂತಳು; ಭಾಗವತವನ್ನೆಲ್ಲ ಒಪ್ಪಿಸಬಲ್ಲ ಆ ಬಾಯಿಯಿಂದ ರೊಟ್ಟಿ ಬೇಡುವ ಒಂದು ಮಾತು ಹೊರಡಲಿಲ್ಲ. ಆ ಮನೆಯಾಕೆ ಮುಖವನ್ನು ನೋಡಿಯೇ ತಿಳಿದುಕೊಂಡು ರೊಟ್ಟಿಯ ಚೂರನ್ನು ಕೊಡಿಸಿದಳು. ಓಡಿಬಂದು ತಾಯಿಯ ಕೈಗೆ ಕೊಟ್ಟರೆ, ಆಕೆಗೆ ಅದನ್ನು ತಿನ್ನುವ ಶಕ್ತಿಯೂ ಉಳಿದಿರಲಿಲ್ಲ. ಕೆಲವು ದಿನಗಳಲ್ಲಿ ಆಕೆಯೂ ಹೋದಳು. ಮುಂದೆ ಅಕ್ಕನೂ ಹೋದಳು. ಸಜ್ಜೆಯ ರೊಟ್ಟಿಯನ್ನು ದಿನವೂ ತಿನ್ನುವ ನಮ್ಮ ಕಡೆಯವರು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಪ್ಪತ್ತೆರಡು ವರುಷಗಳ ಮೇಲೆ ಇದು ರಮಾಬಾಯಿಯವರಿಗೆ ಮತ್ತೆ ನೆನಪಾಗುವದು.

ಅಣ್ಣ ಶ್ರೀನಿವಾಸನೂ ತಂಗಿಯೂ ಉಳಿದರು. ಇಬ್ಬರೂ ಸಾವಿರಾರು ಮೈಲು ಕಾಲ್ನಡೆಯಿಂದ ಪಂಜಾಬ, ಕಾಶ್ಮೀರಗಳ ವರೆಗೆ ತಿರುಗಿದರು. ಝೇಲಮ್ ನದಿಯ ದಂಡೆಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ಉಸುಕಿನಲ್ಲಿ ತಗ್ಗು ತೋಡಿ ಮೈಮೇಲೆ ಉಸುಕನ್ನೇ ಎಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ವ್ರತ, ಉಪವಾಸ, ದಾನ, ತೀರ್ಥಸ್ನಾನ ಯಾವದರಲ್ಲಿಯೂ ಅವರು ಕೊರತೆ ಮಾಡಿರಲಿಲ್ಲ. ಮಾಡಿದ್ದರ ಫಲವು ಮಾತ್ರ ಕಾಣಲಿಲ್ಲವೆಂದು ಇಬ್ಬರ ಮನಸ್ಸೂ ಬರಿದಾಯಿತು. 1878ರಲ್ಲಿ ಕಲಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ತರುಣಿಯನ್ನು ಪರೀಕ್ಷಿಸಿ ಪಂಡಿತೆ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಕ್ರೈಸ್ತರ ಪ್ರಾರ್ಥನೆಯನ್ನು ಅವರು ಮೊದಲ ಸಲ ನೋಡಿದ್ದೂ ಆ ಊರಿನಲ್ಲಿಯೇ. ಎಲ್ಲರೂ ಕುರ್ಚಿಗಳ ಕಡೆಗೆ ತಿರುಗಿ ಮೊಣಕಾಲೂರಿದರು. ಮೂರ್ತಿಯೊಂದೂ ಕಾಣದ್ದರಿಂದ, ಈ ಜನರು ಕುರ್ಚಿಗಳನ್ನೇ ಪೂಜಿಸುವರೆಂದು ಅಣ್ಣತಂಗಿಯರಿಗೆ ತೋರಿತು. ಇದನ್ನು ಓದಿ ನಾವು ನಗುತ್ತೇವೆ. ಆದರೆ ಮೊಣಕಾಲೂರಿದವನ ಮನಸ್ಸು ಬೇರೆಲ್ಲಿಯೋ ಇದ್ದರೆ ಅವನ ಮುಂದೆ ಕುರ್ಚಿಯ ಹೊರತು ಮತ್ತೇನಿರುತ್ತದೆ?

ಮುಂದಿನ ನಾಲ್ಕು ವರುಷಗಳನ್ನು ಬೇಗನೆ ಹೇಳಿ ಮುಗಿಸುವೆನು. 1880ರಲ್ಲಿ ಢಾಕೆಯಲ್ಲಿ ಅಣ್ಣನು ಸತ್ತನು. ಅದೇ ವರುಷ ರಮಾಬಾಯಿಯವರು ಬ್ರಾಹ್ಮಣರಲ್ಲದ ಬಂಗಾಲಿ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ವಿವಾಹವಾಗಿ ಅಸಾಮದ ಸಿಲ್ಚರಿಗೆ ಹೋದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ನೆಯ ಫೆಬ್ರವರಿಯಲ್ಲಿ ಪತಿಯು ಕಾಲರಾ ರೋಗದಿಂದ ತೀರಿಕೊಂಡರು. ಈ ಚಿಕ್ಕ ಸಂಸಾರದ ಕಾಲದಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯೊಂದು ರಮಾಬಾಯಿಯವರ ಕೈಗೆ ಸಿಕ್ಕಿತು. ಒಬ್ಬ ಬ್ಯಾಪ್ಟಿಸ್ಟ್ ಮಿಶನರಿಯವರು ಬಂದು ಆದಿಕಾಂಡದ ಅರ್ಥವನ್ನು ಹೇಳುತ್ತಿದ್ದರು. ಪತಿಯು ಮಿಶನ್ ಶಾಲೆಯಲ್ಲಿಯೇ ಕಲಿತವರು. ಆದರೂ ಹೆಂಡತಿಯು ಕ್ರೈಸ್ತಳಾಗುವದು ಅವರಿಗೆ ಮನಸ್ಸಿರಲಿಲ್ಲ. ಮಿಶನ್ ಶಾಲೆಯಲ್ಲಿ ಕಲಿತ ಮಾತ್ರಕ್ಕೆ ಏನೂ ಆಗುವದಿಲ್ಲವೆಂಬುದು ಅಂದಿಗೂ ನಿಜವೇ, ಇಂದಿಗೂ ನಿಜವೇ.

ಪುಣೆಗೆ ಬಂದು ಅವರು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಸಾಹೇಬರ ಶಿಕ್ಷಣ ಸಮಿತಿಯ ಮುಂದೆ ನಿಂತು, ಹೆಣ್ಣುಮಕ್ಕಳ ಶಾಲೆಗಳಿಗೆ ಹೆಂಗಸರೇ ಶಿಕ್ಷಕಿಯರಾಗಬೇಕೆಂದೂ ಹೆಣ್ಣುಮಕ್ಕಳು ವೈದ್ಯವಿದ್ಯೆ ಕಲಿಯಬೇಕೆಂದೂ ಸಾಕ್ಷಿ ನುಡಿದರು. ಟ್ರೇನಿಂಗ್ ಮುಗಿಸಿ ಬಂದ ನನ್ನಂಥ ಪ್ರತಿಯೊಬ್ಬ ಶಿಕ್ಷಕಿಯೂ ಆ ಸಾಕ್ಷಿಯ ಋಣದಲ್ಲಿದ್ದಾಳೆ. ತಾವೂ ವೈದ್ಯವಿದ್ಯೆ ಕಲಿಯಬೇಕೆಂಬ ಆಶೆಯಿಂದ 1883ರಲ್ಲಿ ಎರಡು ವರುಷದ ಮಗಳೊಡನೆ ಇಂಗ್ಲಂಡಿಗೆ ಹೋದರು. ಕಿವಿಯು ಮಂದವಾಗುತ್ತ ಬಂದದ್ದರಿಂದ ಆ ಆಶೆಯನ್ನು ಬಿಡಬೇಕಾಯಿತು.

ಇಂಗ್ಲಂಡದಲ್ಲಿ ಅವರು ಇಳಿದುಕೊಂಡದ್ದು ವಾಂಟೇಜಿನ ಸಹೋದರಿಯರ ಮಠದಲ್ಲಿ. ಆ ಸಹೋದರಿಯರು ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿ ಇನ್ನೊಂದು ಮನೆಯನ್ನು ನಡೆಸುತ್ತಿದ್ದರು. ಲೋಕವು ಕೆಟ್ಟವರೆಂದು ನೂಕಿಬಿಟ್ಟ ಹೆಂಗಸರನ್ನು ಅಲ್ಲಿ ಇಟ್ಟುಕೊಂಡು ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದರು. ಇಂಥದನ್ನು ರಮಾಬಾಯಿಯವರು ಇಡೀ ಭರತಖಂಡವನ್ನು ಸುತ್ತಿದರೂ ಎಲ್ಲಿಯೂ ಕಂಡಿರಲಿಲ್ಲ. ಧರ್ಮಶಾಸ್ತ್ರಗಳನ್ನು ಓದಿ, ಹೆಣ್ಣಿಗೆ ಅವುಗಳಲ್ಲಿ ದಯೆಯಿಲ್ಲವೆಂದು ಅವರು ಮೊದಲೇ ನೊಂದಿದ್ದರು. ಈ ದಯೆಯು ಎಲ್ಲಿಂದ ಬಂದಿತೆಂದು ಕೇಳಲು, ಯೇಸು ಸ್ವಾಮಿಯು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಂದಿಗೆ ಮಾತಾಡಿದ ಕಥೆಯನ್ನು ಸಹೋದರಿಯೊಬ್ಬರು ಓದಿ ತಿಳಿಸಿದರು. ಭಾರತದ ಹೆಣ್ಣನ್ನು ಮೇಲಕ್ಕೆತ್ತಬಲ್ಲವನು ಈತನೇ ಎಂದು ಅವರಿಗೆ ನಿಶ್ಚಯವಾಯಿತು. 1883ನೆಯ ಸಪ್ಟಂಬರ 29ರಂದು ತಾಯಿಮಗಳಿಬ್ಬರೂ ವಾಂಟೇಜಿನ ದೇವಾಲಯದಲ್ಲಿ ದೀಕ್ಷಾಸ್ನಾನ ಹೊಂದಿದರು.

ಸಾಮಾನ್ಯವಾಗಿ ಚರಿತ್ರೆಗಾರರು ಇಲ್ಲಿಗೆ ಅವರ ವಿಶ್ವಾಸದ ಕಥೆಯನ್ನು ಮುಗಿಸುತ್ತಾರೆ. ಅದು ಶುರುವಾಗಿತ್ತೆಂದು ಮಾತ್ರ ನಾನು ಹೇಳುವೆನು. ಅವರು ಒಪ್ಪಿಕೊಂಡದ್ದು ಬುದ್ಧಿಗೆ ಸರಿಬಿದ್ದ ಒಂದು ಮತವನ್ನು. ಅದರಲ್ಲಿ ಕಪಟವೇನೂ ಇರಲಿಲ್ಲ. ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಡೊರೋತಿಯಾ ಬೀಲ್ ಎಂಬ ಹೆಸರಾದ ಮುಖ್ಯಾಧ್ಯಾಪಕಿಯ ಬಳಿ ಓದುತ್ತಲೂ ಸಂಸ್ಕೃತ ಕಲಿಸುತ್ತಲೂ ಇದ್ದ ಕಾಲದಲ್ಲಿ ಅವರು ವಾಂಟೇಜಿನ ಸಹೋದರಿಯರೊಡನೆ ಪತ್ರಗಳ ಮೂಲಕ ಬಹಳ ವಾದ ಮಾಡಿದರು. ತ್ರಿಯೇಕತ್ವವನ್ನು ಹೇಗೆ ತಿಳಿಯಬೇಕು, ಸಭೆಯ ಅಧಿಕಾರಕ್ಕೆ ಎಷ್ಟರ ವರೆಗೆ ತಲೆಬಾಗಬೇಕು, ಧರಿಸುವ ಶಿಲುಬೆಯ ಮೇಲೆ ಲಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತವೇಕಾಗಬಾರದು ಎಂದು ಕೇಳಿದರು. ಸಹೋದರಿಯರಿಗೆ ಇದು ಗರ್ವವೆಂದು ತೋರಿತು. ನನಗಾದರೋ ಹಾಗೆ ತೋರುವದಿಲ್ಲ. ಪ್ರಶ್ನೆ ಕೇಳುವ ವಿದ್ಯಾರ್ಥಿನಿಯು ತಲೆದೂಗುವವಳಿಗಿಂತ ಎಷ್ಟೋ ಮೇಲು. ಆದರೆ ಇಂಗ್ಲಂಡದಲ್ಲಿಯೂ ಅಮೇರಿಕೆಯಲ್ಲಿಯೂ ಒಂದೊಂದು ಪಂಗಡದವರು ಒಂದೊಂದು ವಿಧವಾಗಿ ಕರೆಯುವದನ್ನು ಕೇಳಿ ಕೇಳಿ ಅವರ ತಲೆಯು ತುಂಬಿತೇ ಹೊರತು ಎದೆಯು ತುಂಬಲಿಲ್ಲ. ಹಸಿದವಳಿಗೆ ಅಡಿಗೆಯ ವಿಷಯವಾಗಿ ವ್ಯಾಖ್ಯಾನ ಕೊಟ್ಟಂತಾಯಿತು.

1886ರಲ್ಲಿ, ಫಿಲಡೆಲ್ಫಿಯದಲ್ಲಿ ವೈದ್ಯೆಯಾದ ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು ಅಮೇರಿಕೆಗೆ ಹೋದ ರಮಾಬಾಯಿಯವರು, ಅಲ್ಲಿ ಉಚ್ಚಕುಲದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷ್ ಪುಸ್ತಕವನ್ನು ಬರೆದರು. ಬೋಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಏರ್ಪಟ್ಟು ಹತ್ತು ವರುಷಗಳ ವರೆಗೆ ಸಹಾಯ ಕೊಡಲು ಒಪ್ಪಿತು. 1889ನೆಯ ಮಾರ್ಚ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಬಂದಿತು. ಅದರ ಮೊದಲನೆಯ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ವಿಧವೆಯು ಒಬ್ಬಳು. ಮುಂದೆ 1893ರಲ್ಲಿ ಆಕೆಯು ಮಹರ್ಷಿ ಕರ್ವೆಯವರ ಪತ್ನಿಯಾದಳು. ಸದನದಲ್ಲಿ ಯಾರ ಮತಕ್ಕೂ ಕೈಹಾಕುವದಿಲ್ಲವೆಂದು ರಮಾಬಾಯಿಯವರು ಮಾತು ಕೊಟ್ಟಿದ್ದರು. ಬ್ರಾಹ್ಮಣ ವಿಧವೆಯರು ತಮ್ಮ ಆಚಾರಗಳನ್ನು ಇಟ್ಟುಕೊಂಡು ಅಲ್ಲಿ ಓದುತ್ತಿದ್ದರು. ನ್ಯಾಯಮೂರ್ತಿ ರಾನಡೆಯವರು, ಡಾಕ್ಟರ್ ಭಾಂಡಾರಕರರು ಮೊದಲಾದ ದೊಡ್ಡವರು ಸಲಹೆಗಾರರಾಗಿದ್ದರು. ಹೊರಗಿನಿಂದ ನೋಡಿದರೆ ರಮಾಬಾಯಿಯವರಿಗೆ ಯಾವದೂ ಕಡಿಮೆಯಿರಲಿಲ್ಲ.

ಇಂಥ ಸಮಯದಲ್ಲಿ, 1891ರ ಸುಮಾರಿಗೆ, ಮರಣದಿಂದ ಜೀವಕ್ಕೆ ಎಂಬ ಅರ್ಥದ ಹೆಸರುಳ್ಳ ಒಂದು ಇಂಗ್ಲಿಷ್ ಪುಸ್ತಕವನ್ನು ಅವರು ಓದಿದರು. ಬರೆದವರು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಂಡದ ಸಭೆಯ ಪಾದ್ರಿಗಳು. ಅವರು ಕಾರ್ನ್‌ವಾಲ್ ಸೀಮೆಯಲ್ಲಿ ದೇವಾಲಯಗಳನ್ನು ಕಟ್ಟಿಸಿ, ಪ್ರಸಂಗ ಮಾಡಿ, ಸಂಸ್ಕಾರಗಳನ್ನು ನಡೆಸಿ ವರುಷಗಳನ್ನು ಕಳೆದವರು. 1851ರಲ್ಲಿ ಒಂದು ಆದಿತ್ಯವಾರ, ಕ್ರಿಸ್ತನ ವಿಷಯವಾಗಿ ನಿಮಗೇನು ತೋರುತ್ತದೆಂದು ಸಭೆಗೆ ಬೋಧಿಸುತ್ತಿರುವಾಗಲೇ, ಆ ಪ್ರಶ್ನೆಗೆ ತಮ್ಮಲ್ಲಿಯೇ ಉತ್ತರವಿಲ್ಲವೆಂದು ಅವರಿಗೆ ಹೊಳೆಯಿತು; ಪೀಠದ ಮೇಲೆ ನಿಂತಲ್ಲಿಯೇ ಅವರ ಹೃದಯವು ತಿರುಗಿತು. ಅದನ್ನು ಕಂಡ ಒಬ್ಬನು ಪಾದ್ರಿಗೇ ಮನಃಪರಿವರ್ತನೆಯಾಯಿತೆಂದು ಸಭೆಯ ನಡುವೆ ಕೂಗಿದನು. ಬೇರೆಯವರಿಗೆ ಹೇಳಿದ ಪ್ರಸಂಗದಿಂದಲೇ ಹೇಳಿದವನು ಬದಲಾದ ಈ ಕಥೆಯು ರಮಾಬಾಯಿಯವರಿಗೆ ಕನ್ನಡಿಯಾಯಿತು. ಪಾದ್ರಿಯಾಗಿದ್ದೂ ಒಬ್ಬನು ಹೊರಗೆ ನಿಂತಿರಬಹುದಾದರೆ, ಪಂಡಿತೆಯಾಗಿದ್ದೂ ಒಬ್ಬಳು ನಿಂತಿರಬಹುದು.

ತಾವು ಇದುವರೆಗೆ ಆಸರೆಯಾಗಿಟ್ಟುಕೊಂಡದ್ದು ತಮ್ಮ ತಿಳಿವಳಿಕೆಯನ್ನು, ತಾವು ಸ್ವೀಕರಿಸಿದ ಸಂಸ್ಕಾರವನ್ನು, ತಾವು ಮಾಡುವ ಒಳ್ಳೆಯ ಕೆಲಸವನ್ನು ಎಂದು ಅವರು ಕಂಡರು. ಹಳೆಯ ತೀರ್ಥಯಾತ್ರೆಯ ಲೆಕ್ಕವೇ ಹೊಸ ಹೆಸರಿನಿಂದ ನಡೆದಿತ್ತು: ಇಷ್ಟು ಮಾಡಿದರೆ ಇಷ್ಟು ಸಿಗುವದೆಂಬ ಲೆಕ್ಕ. ಸತ್ಯವೇದವನ್ನು ಅವರು ತಿರುಗಿ ಮೊದಲಿನಿಂದ ಓದತೊಡಗಿದರು. ಈ ಸಾರೆ ವಾದಕ್ಕಾಗಿ ಓದಲಿಲ್ಲ. ಯಾರು ಆತನನ್ನು ಅಂಗೀಕರಿಸುವರೋ ಅವರು ಯೋಗ್ಯತೆಯ ವಿಚಾರವಿಲ್ಲದೆ ದೇವರ ಮಕ್ಕಳಾಗುವರೆಂಬ ವಾಗ್ದಾನವನ್ನು ತಮ್ಮ ಹೆಸರಿಗೇ ಬರೆದ ಕಾಗದವೆಂಬಂತೆ ಹಿಡಿದುಕೊಂಡು, ಇದ್ದ ಹಾಗೆಯೇ ತಮ್ಮನ್ನು ಒಪ್ಪಿಸಿಕೊಟ್ಟರು. ಅಂದು ಆಕಾಶವೇನೂ ತ್ರಿಖಂಡವಾಗಲಿಲ್ಲ. ಬಿಳಿಯ ಸೀರೆ, ಶಾಕಾಹಾರ, ಸದನದ ಜಮಾಖರ್ಚಿನ ಪುಸ್ತಕ, ದಿನದ ಪಾಠಗಳು ಎಲ್ಲವೂ ಮೊದಲಿನಂತೆಯೇ ನಡೆದವು. ಮನಸ್ಸಿಗೆ ಮಾತ್ರ ಬಹುಕಾಲದಿಂದ ಇಲ್ಲದ ಸಮಾಧಾನವು ಬಂದಿತು.

ಅದರ ಬೆಲೆಯನ್ನು ಬೇಗನೇ ಕೊಡಬೇಕಾಯಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳತೊಡಗಿದರು. ಸುದ್ದಿಯು ಪುಣೆಯಲ್ಲಿ ಹಬ್ಬಿ ಪತ್ರಿಕೆಗಳಲ್ಲಿ ಗದ್ದಲವಾಯಿತು. ತಿಳಕರ ಕೇಸರಿಯು ಕಠಿನವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ ಮೊದಲಾದವರು ಸಲಹೆಗಾರರ ಸ್ಥಾನವನ್ನು ಬಿಟ್ಟರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರು. ಈ ಸಂಗತಿಯನ್ನು ಬರೆಯುವ ನಮ್ಮವರು ಸಾಮಾನ್ಯವಾಗಿ ವಿರೋಧಿಗಳನ್ನೆಲ್ಲ ಕುರುಡರೆಂದು ಬರೆದುಬಿಡುತ್ತಾರೆ. ಒಂದು ಶಾಲೆಯನ್ನು ನಡೆಸುವ ನಾನು ಹಾಗೆ ಬರೆಯಲಾರೆನು. ಮಗಳನ್ನು ಒಬ್ಬರ ಸೂರಿನ ಕೆಳಗೆ ಬಿಟ್ಟುಹೋಗುವ ತಂದೆತಾಯಿಗಳು ಕೊಟ್ಟ ಮಾತಿನ ಮೇಲೆ ಭರವಸೆಯಿಟ್ಟಿರುತ್ತಾರೆ. ಆ ಮಾತು ಸಡಿಲಾಯಿತೆಂದು ದೂರುವವರ ದೂರು ಆಧಾರವಿಲ್ಲದ್ದಲ್ಲ. ರಾನಡೆಯವರಂಥವರು ಹೊರಟುಹೋದದ್ದು ದ್ವೇಷದಿಂದಲ್ಲ. ಆದರೆ ತನ್ನ ಕೋಣೆಯಲ್ಲಿ ತನ್ನ ದೇವರನ್ನು ಕರೆಯುವ ಹೆಂಗಸಿಗೆ ಬಾಗಿಲು ಮುಚ್ಚಿಕೊಳ್ಳೆಂದು ಹೇಳುವ ಅಧಿಕಾರವು ಯಾರಿಗುಂಟು? ಬಾಗಿಲಿನೊಳಗೆ ಬಂದವರು ಬಾಲವಿಧವೆಯರು, ಮನೆಯಲ್ಲಿ ಅಶುಭವೆಂದು ಮೂಲೆಗೆ ಸೇರಿಸಲ್ಪಟ್ಟವರು. ಅವರನ್ನು ಹೊರಗೆ ಹೋಗಿರೆಂದು ಹೇಳುವದು ರಮಾಬಾಯಿಯವರಿಂದ ಆಗಲಿಲ್ಲ. ಎರಡೂ ಕಡೆಯ ನೋವು ನಿಜವಾದದ್ದು. ಪುಣೆಯ ಸುಧಾರಕರ ಸ್ನೇಹವೂ ಗೌರವವೂ ಅವರ ಕೈಬಿಟ್ಟುಹೋದವು. ತಲೆಯಲ್ಲಿರುವ ವಿಶ್ವಾಸಕ್ಕೆ ಇಷ್ಟು ಬೆಲೆಯನ್ನು ಯಾರೂ ಕೊಡುವದಿಲ್ಲ.

1896ರಲ್ಲಿ ಅವರು ಲೋಣಾವಳೆಯಲ್ಲಿ ಕೂಡಿದ ಒಂದು ಕ್ರೈಸ್ತ ಸಮ್ಮೇಳನಕ್ಕೆ ಹೋದರು. ವಿಶ್ವಾಸಕ್ಕೆ ಬಂದ ಹದಿನೈದು ಹುಡುಗಿಯರು ಅವರ ಸಂಗಡ ಇದ್ದರು. ಒಂದು ನಸುಕಿನಲ್ಲಿ ಕಾಡಿಗೆ ಹೋಗಿ, ಮುಂದಿನ ಸಮ್ಮೇಳನದೊಳಗಾಗಿ ಈ ಸಂಖ್ಯೆಯ ವರ್ಗವನ್ನು, ಅಂದರೆ 225ನ್ನು, ಕೊಡಬೇಕೆಂದು ದೇವರನ್ನು ಬೇಡಿಕೊಂಡರು. ಗಣಿತದ ಈ ಪ್ರಾರ್ಥನೆಯು ನಮ್ಮ ಹುಡುಗಿಯರಿಗೆ ಬಹಳ ಹಿಡಿಸುತ್ತದೆ. ಉತ್ತರವು ಬಂದ ರೀತಿಯು ಮಾತ್ರ ಭಯಂಕರವಾಗಿತ್ತು: ಅದೇ ವರುಷದ ಕೊನೆಗೆ ಮಧ್ಯಪ್ರಾಂತದಲ್ಲಿ ಘೋರವಾದ ಕ್ಷಾಮವು ಬಿದ್ದಿತು. ಹೆಣ್ಣುಮಕ್ಕಳು ಅಲ್ಲಿ ಹಸಿವೆಯಿಂದ ಸಾಯುತ್ತಿರುವರೆಂದೂ, ಸಾಯದವರು ಕೆಟ್ಟವರ ಕೈಗೆ ಬೀಳುತ್ತಿರುವರೆಂದೂ ಕೇಳಿದಾಗ ರಮಾಬಾಯಿಯವರಿಗೆ ತಮ್ಮ ತಂದೆತಾಯಿಗಳೂ ರಾಯಚೂರಿನ ಆ ರೊಟ್ಟಿಯ ಚೂರೂ ನೆನಪಾದವು. ಕೈಯಲ್ಲಿ ಹಣವಿರಲಿಲ್ಲ, ಮೊದಲು ಮನಸ್ಸು ಹಿಂಜರಿಯಿತು. ಕೊನೆಗೆ ಹೊರಟೇಬಿಟ್ಟರು. ಬಡವರ ಛಾವಣಿಗಳನ್ನು ಹುಡುಕಿ, ಎಲುಬುಗೂಡುಗಳಾಗಿದ್ದ ನೂರಾರು ಬಾಲಿಕೆಯರನ್ನೂ ವಿಧವೆಯರನ್ನೂ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗಿನ ಹಾವಳಿಯಿತ್ತು; ಅಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳಲು ಅಪ್ಪಣೆಯಿರಲಿಲ್ಲ. ಪುಣೆಯಿಂದ ಸುಮಾರು 34 ಮೈಲು ದೂರದ ಕೇಡಗಾಂವದಲ್ಲಿ ಅವರು ಮೊದಲೇ ಕೊಂಡಿದ್ದ ಹೊಲವೊಂದಿತ್ತು. ಅಲ್ಲಿ ಗುಡಿಸಲುಗಳು ಎದ್ದವು, ಬಾವಿಗಳನ್ನು ತೋಡಿಸಿದರು. ಅದೇ ಮುಕ್ತಿ ಸದನವಾಯಿತು. 1900ರಲ್ಲಿ ಗುಜರಾಥದ ಕ್ಷಾಮದಿಂದ ಇನ್ನಷ್ಟು ಜನರು ಬರಲು, ಅಲ್ಲಿರುವವರ ಸಂಖ್ಯೆಯು ಎರಡು ಸಾವಿರದ ಹತ್ತಿರ ಹೋಯಿತು.

ಎರಡು ಸಾವಿರ ಜನರಿಗೆ ದಿನಕ್ಕೆ ಎಷ್ಟು ಜೋಳ ಬೇಕೆಂಬುದನ್ನು ಬೋರ್ಡಿಂಗಿನ ಅಡಿಗೆಮನೆಯನ್ನು ನೋಡಿಕೊಂಡವರು ಮಾತ್ರ ಅರಿಯಬಲ್ಲರು. ಯಾವ ಪಂಗಡದ ಮಿಶನ್ನಿಗೂ ಸೇರದ ಆ ಸದನಕ್ಕೆ ನಿಶ್ಚಯವಾದ ವರಮಾನವಿರಲಿಲ್ಲ. ರಮಾಬಾಯಿಯವರು ಪ್ರಾರ್ಥನೆ ಮಾಡುವರು, ಆ ಮೇಲೆ ಎದ್ದು ಹೊಲಕ್ಕೆ ಹೋಗುವರು. ನೇಯ್ಗೆ, ಎಣ್ಣೆಯ ಗಾಣ, ಹೈನ, ಒಕ್ಕಲುತನ, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಮೋಸಹೋದ ಸ್ತ್ರೀಯರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯಾಯಿತು. ಫುಲ್‌ಹ್ಯಾಮಿನಲ್ಲಿ ಬಿದ್ದ ಬೀಜವು ಇಲ್ಲಿ ಮೊಳೆಯಿತು. ಕುರುಡರಿಗೂ ಅಲ್ಲಿ ಸ್ಥಳವಿತ್ತು.

ಆದರೂ ಅವರ ಮನಸ್ಸು ತೃಪ್ತಿ ಹೊಂದಲಿಲ್ಲ. ಸದನದಲ್ಲಿ ನೂರಾರು ಹುಡುಗಿಯರು ದೀಕ್ಷಾಸ್ನಾನ ಹೊಂದಿದ್ದರು. ಅವರಲ್ಲಿ ಎಷ್ಟು ಜನರು ತಾವು ಎಂಟು ವರುಷ ಇದ್ದಂತೆಯೇ ಹೆಸರಿಗೆ ಕ್ರೈಸ್ತರಾಗಿರುವರೋ ಎಂಬ ಚಿಂತೆಯು ಅವರನ್ನು ಬಿಡಲಿಲ್ಲ. 1905ರ ಆರಂಭದಲ್ಲಿ, ದಿನಾಲು ಕೂಡಿ ಪ್ರಾರ್ಥಿಸಲು ಮನಸ್ಸುಳ್ಳವರು ಬರಬೇಕೆಂದು ಕರೆದಾಗ ಸುಮಾರು ಎಪ್ಪತ್ತು ಮಂದಿ ಬಂದರು. ಜೂನ್ ತಿಂಗಳಿಗೆ ಐದು ನೂರು ಮೀರಿದರು. ಆ ತಿಂಗಳ ಕೊನೆಯಲ್ಲಿ ಅಲ್ಲಿ ದೊಡ್ಡ ಉಜ್ಜೀವನವು ತೊಡಗಿತು. ಹುಡುಗಿಯರು ಅಳುತ್ತ ತಪ್ಪುಗಳನ್ನು ಒಪ್ಪಿಕೊಂಡರು, ಗಟ್ಟಿಯಾಗಿ ಪ್ರಾರ್ಥಿಸಿದರು, ಹಾಡಿದರು. ಕೆಲವು ಮಿಶನರಿಗಳಿಗೆ ಆ ಗದ್ದಲವು ಸರಿಬೀಳಲಿಲ್ಲ. ಹಿಂದೂದೇಶದ ಹೆಣ್ಣುಮಕ್ಕಳು ತಮ್ಮ ಆನಂದವನ್ನೂ ದುಃಖವನ್ನೂ ಪರದೇಶದವರ ರೀತಿಯಲ್ಲಿಯೇ ತೋರಿಸಬೇಕೆಂಬ ನಿಯಮವಿಲ್ಲವೆಂದು ರಮಾಬಾಯಿಯವರು ತಡೆಯದೆ ಬಿಟ್ಟರು. ಶಾಂತವಾದ ಆರಾಧನೆಯಲ್ಲಿ ಬೆಳೆದ ನನಗೆ ಗದ್ದಲದಲ್ಲಿ ಮನಸ್ಸು ನಿಲ್ಲುವದಿಲ್ಲ. ಆದರೂ ಅವರ ಉತ್ತರವು ನ್ಯಾಯವಾದದ್ದೆಂದು ಒಪ್ಪುತ್ತೇನೆ. ಆ ಹುಡುಗಿಯರಲ್ಲಿ ಅನೇಕರು ಮುಂದೆ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಯನ್ನು ಹೇಳಲು ಹೊರಟರು.

ಹುಟ್ಟಿದ ನಾಡಿನ ಋಣವನ್ನೂ ಅವರು ಮರೆಯಲಿಲ್ಲ. ಅವರಿಗೆ ಕನ್ನಡ ಮಾತು ಬರುತ್ತಿತ್ತು. 1912ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲಬರ್ಗೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಕ್ರೈಸ್ತ ಶಾಲೆಯನ್ನು ತೆರೆದರು. ಮಗಳು ಮನೋರಮೆಯೇ ಅದರ ಭಾರವನ್ನು ಹೊತ್ತಳು. ತಾಯಿಯ ಬಲಗೈಯಂತಿದ್ದ ಆ ಮಗಳು, ನಮ್ಮ ಗಡಿಗೆ ಹತ್ತಿರದ ಮಿರಜೆಯಲ್ಲಿ 1921ನೆಯ ಜುಲೈ ತಿಂಗಳಲ್ಲಿ ತೀರಿಕೊಂಡಳು. ಆಗ ಆಕೆಗೆ ನಾಲ್ವತ್ತು ವರುಷ.

ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಕುಟುಂಬದವರಲ್ಲಿ, ಅನಂತರ ಕೂಡಿಬಂದವರಲ್ಲಿ, ರಮಾಬಾಯಿಯವರೊಬ್ಬರೇ ಉಳಿದರು. ಕಿವಿ ಬಹುಮಟ್ಟಿಗೆ ಕೇಳುತ್ತಿರಲಿಲ್ಲ. ಆಗ ಅವರ ಕೈಯಲ್ಲಿದ್ದ ಕೆಲಸವು ಸತ್ಯವೇದದ ಮರಾಠಿ ಭಾಷಾಂತರವು. ಆಗಲೇ ಒಂದು ಭಾಷಾಂತರವಿತ್ತು. ಆದರೆ ಅದರ ಸಂಸ್ಕೃತ ಮಾತುಗಳು ಹಳ್ಳಿಯ ಹೆಂಗಸರಿಗೆ ತಿಳಿಯುವದಿಲ್ಲವೆಂದು ಅವರು ಕಂಡಿದ್ದರು. ದೇಶದಲ್ಲೆಲ್ಲ ಸಂಸ್ಕೃತ ಪಾಂಡಿತ್ಯಕ್ಕಾಗಿ ಬಿರುದು ಪಡೆದವರೇ ಸಂಸ್ಕೃತವನ್ನು ಬಿಟ್ಟು, ಬಾವಿಯ ಕಟ್ಟೆಯ ಮೇಲೆ ಆಡುವ ಮಾತಿನಲ್ಲಿ ದೇವರ ವಾಕ್ಯವನ್ನು ಬರೆಯಲು ಕುಳಿತರು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಹದಿನೈದು ವರುಷಗಳಿಗಿಂತಲೂ ಹೆಚ್ಚು ಕಾಲ ಈ ಕೆಲಸವು ನಡೆಯಿತು. ಮಗಳನ್ನು ಮಣ್ಣಿಗೊಪ್ಪಿಸಿದ ಮೇಲೆಯೂ ಅವರು ಅಚ್ಚಿನ ಕರಡುಗಳನ್ನು ತಿದ್ದುವದನ್ನು ನಿಲ್ಲಿಸಲಿಲ್ಲ. ಆ ಕೆಲಸವು ಕೈಸೇರಿದ ದಿನಗಳಲ್ಲಿಯೇ, 1922ನೆಯ ಎಪ್ರಿಲ್ 5ರಂದು, ಅರುವತ್ತುನಾಲ್ಕು ತುಂಬಲು ಹದಿನೆಂಟು ದಿನಗಳಿರುವಾಗ, ಕೇಡಗಾಂವದಲ್ಲಿ ನಿದ್ರೆಯಲ್ಲಿಯೇ ಅವರ ಪ್ರಾಣವು ಹೋಯಿತು. ಬರಗಾಲದಲ್ಲಿ ಒಂದಕ್ಷರವನ್ನೂ ಅರಿಯದೆ ಬಂದು ಸೇರಿದ ಹೆಣ್ಣುಮಕ್ಕಳು ಮೊಳೆಗಳನ್ನು ಜೋಡಿಸಿ, ಯಂತ್ರವನ್ನು ತಿರುಗಿಸಿ, ಹಾಳೆಗಳನ್ನು ಹೊಲಿದರು. 1924ರಲ್ಲಿ ಆ ಸತ್ಯವೇದವು ಪೂರ್ಣವಾಗಿ ಮುಕ್ತಿ ಸದನದ ಅಚ್ಚುಕೂಟದಿಂದ ಹೊರಗೆ ಬಂದಿತು.